ಬೇಕರಿ ಮೇಲಿನ ರೇಡಿಯೋದ ಅವತಾರಗಳು

ಮಾತಿನಮಲ್ಲಿ ಅಂತ ಹೆಸರಿಟ್ಟಿದ್ದು ಅತ್ತೆ. ಹೊಗಳುವುದಕ್ಕೆ ಇಟ್ಟಿದ್ದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಅಡುಗೆಮನೆಯ ಪಾತ್ರೆಗಳ ಜೊತೆ, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳ ಜೊತೆ, ಯಾರೂ ಸಿಗದಿದ್ದರೆ ಗೋಡೆಯ ಕ್ಯಾಲೆಂಡರಿನ ಜೊತೆಗೂ ಮಾತಾಡುತ್ತಿದ್ದಳು. ಅದನ್ನು ನೋಡಿ ನೋಡಿ ಸಾಕಾದ ಅತ್ತೆ ಒಂದು ದಿನ ಗಂಡನ ಹತ್ತಿರ, "ಇವಳು ಬಂದ್ಮೇಲೆ ನನ್ನ ಕಿವಿಗೆ ರಜ ಅನ್ನೋದೇ ಇಲ್ಲ" ಎಂದು ದೂರಿದರು.

ಮಾವ ರೇಡಿಯೋ ರಿಪೇರಿಯವರು. ಜೀವಮಾನವೆಲ್ಲ ಬೇರೆಯವರ ರೇಡಿಯೋದ ಹೊಟ್ಟೆ ಬಗೆದು ನೋಡಿ, ಕೊನೆಗೆ ತಮ್ಮದೇ ಒಂದು ಸ್ಟೇಷನ್ ಇರಬೇಕೆಂಬ ಹುಚ್ಚು ಹತ್ತಿಸಿಕೊಂಡವರು. ಆಗಷ್ಟೇ ಪರವಾನಗಿ ಸಿಕ್ಕಿತ್ತು. ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಅದರ ಮೇಲೆ ಹಳೆಯ ಕಂಬಳಿ ಹೊಡೆದು ಸ್ಟುಡಿಯೋ ಮಾಡುತ್ತಿದ್ದರು. ಹೆಂಡತಿಯ ದೂರು ಕೇಳಿ ಸ್ವಲ್ಪ ಯೋಚಿಸಿ, "ಅವಳ ಬಾಯಿಗೆ ಬೀಗ ಹಾಕೋದು ನಿನ್ನ ಕೈಲಾಗಲ್ಲ, ನನ್ನ ಕೈಲೂ ಆಗಲ್ಲ. ಮುಂದೆ ಒಂದು ಮೈಕ್ ಇಟ್ಟುಬಿಡೋಣ" ಎಂದರು.

ಹೀಗೆ ಮಾತಿನಮಲ್ಲಿಗೆ ಕೆಲಸ ಸಿಕ್ಕಿತು. ಆದರೆ ಮಾತಾಡುವುದಕ್ಕೆ ಜಾಗ ಸಿಗಲಿಲ್ಲ. ಯಾಕೆಂದರೆ ಮಾವನ ರೇಡಿಯೋದಲ್ಲಿ ಬರೀ ವಾದ್ಯ ಸಂಗೀತ. ಬೆಳಗಾದರೆ ಕೊಳಲು, ಮಧ್ಯಾಹ್ನ ಪಿಟೀಲು, ಸಂಜೆ ಮತ್ತೆ ಕೊಳಲು, ಅದೂ ನಿಧಾನದ್ದು. ಒಂದೊಂದು ವಾದನ ಮುಗಿಯುವಷ್ಟರಲ್ಲಿ ಕೆಳಗೆ ಬೇಕರಿಯಲ್ಲಿ ಒಂದು ಒಲೆ ಬ್ರೆಡ್ಡು ಬೆಂದು ಹೊರಬರುತ್ತಿತ್ತು. ನಡುವೆ ಅವಳು "ಈಗ ಕೇಳಿದ್ದು ಕೊಳಲು, ಇನ್ನು ಕೇಳಲಿರುವುದು ಪಿಟೀಲು" ಅನ್ನಬೇಕು, ಅಷ್ಟೇ. ಹಾಗೆ ಒಂದು ವಾಕ್ಯ ಹೇಳಿ ಸುಮ್ಮನೆ ಕೂರುವುದು ಅವಳಿಗೆ ಉಪವಾಸವಿದ್ದಷ್ಟು ಕಷ್ಟವಾಗುತ್ತಿತ್ತು.

ಆ ಸಂಗೀತಕ್ಕೆ ಊರಲ್ಲಿದ್ದ ಒಬ್ಬನೇ ಭಕ್ತ ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರು. ಕೊಳಲು ಕೇಳುತ್ತಾ ಕೂತ ರೋಗಿಗಳು ಹೆದರಿಕೆ ಮರೆತು ತೂಕಡಿಸುತ್ತಾರೆ, ಬಾಯಿ ತಾನಾಗಿ ತೆರೆಯುತ್ತದೆ ಎಂದು ಅವರು ಮಾವನಿಗೆ ಕೈಮುಗಿದು ಹೇಳಿದ್ದರು. ಮಾವ ಅದನ್ನು ದೊಡ್ಡ ಪ್ರಶಸ್ತಿಯೆಂದೇ ತಿಳಿದರು.

ಎಡವಟ್ಟಾದದ್ದು ಸ್ಟೇಷನ್ ಶುರುವಾದ ಖುಷಿಗೆ ಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಕರೆದ ದಿನ. ಅತ್ತೆಯ ಅಕ್ಕ, ಮಾತಿನಮಲ್ಲಿಗೆ ದೊಡ್ಡತ್ತೆ, ಎದುರುಮನೆಯವರೇ. ಬೀದಿ ಎಷ್ಟು ಇಕ್ಕಟ್ಟೆಂದರೆ ಈ ಕಿಟಕಿಯಲ್ಲಿ ಒಗ್ಗರಣೆ ಹಾಕಿದರೆ ಆ ಕಿಟಕಿಯಲ್ಲಿ ಸೀನು ಬರುತ್ತಿತ್ತು. ದೊಡ್ಡತ್ತೆಗೆ ನಾಲಿಗೆ ಹರಿತ, ಮನಸ್ಸು ಮೆತ್ತಗೆ. ಆದರೆ ಊರಿಗೆ ಮೊದಲು ಕಾಣುವುದು ನಾಲಿಗೆಯೇ ತಾನೇ. ತುಂಬಿದ ಪಂಕ್ತಿಯಲ್ಲಿ ಅವರು, "ಎಲ್ಲಾ ಸರಿ ಕಣೇ, ಆದ್ರೆ ನಿನ್ನ ಗಂಡನ ರೇಡಿಯೋ ಹಾಕಿದ್ರೆ ನಮ್ಮನೆ ಬೆಕ್ಕೂ ಆಕಳಿಸುತ್ತೆ" ಎಂದುಬಿಟ್ಟರು.

ಎಲ್ಲರೂ ನಕ್ಕರು. ಮಾವ ಕೂಡ ನಕ್ಕರು. ಅತ್ತೆ ನಗಲಿಲ್ಲ. "ಹಾಗಾದ್ರೆ ಕೇಳ್ಬೇಡ" ಎಂದರು. ದೊಡ್ಡತ್ತೆ ಕೈತೊಳೆದುಕೊಂಡು ಎದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಅಕ್ಕತಂಗಿಯರ ಜಗಳ ಊಟದಲ್ಲೇ ಹುಟ್ಟಿದ್ದರಿಂದಲೋ ಏನೋ, ಎಷ್ಟು ಸಲ ಉಂಡು ಮಲಗಿದರೂ ಮುಗಿಯಲಿಲ್ಲ. ಈ ಕಿಟಕಿ ತೆರೆದರೆ ಆ ಕಿಟಕಿ ಮುಚ್ಚುತ್ತಿತ್ತು. ವರ್ಷಗಳೇ ಕಳೆದವು.

ಈ ನಡುವೆ ರೇಡಿಯೋ ಮಾತ್ರ ಒಂದೇ ರೀತಿ ಇರಲಿಲ್ಲ. ಹಲ್ಲಿನ ಡಾಕ್ಟರು ಕೊಡುವ ಒಂದೇ ಜಾಹೀರಾತಿನಿಂದ ಸ್ಟೇಷನ್ನಿನ ಕರೆಂಟು ಬಿಲ್ಲೂ ಹುಟ್ಟುವುದಿಲ್ಲ ಎಂದಾದಾಗ ಮಾವ ಚಿಕ್ಕ ಮಗನ ಕೈಗೆ ಯಜಮಾನಿಕೆ ಕೊಟ್ಟು ತಾವು ಯಂತ್ರಗಳ ಹಿಂದೆ ಸರಿದರು. ಮೈದುನ ಬಿಸಿರಕ್ತದವನು. ಕೊಳಲಿಗೆ ನಮಸ್ಕಾರ ಹೇಳಿ ಕುಣಿತದ ಹಾಡುಗಳನ್ನು ತಂದ. ಹಗಲೂ ಸಂಜೆಯೂ ಧಡಂ ಧಡಂ. "ಅತ್ತಿಗೆ, ಉಸಿರು ತಗೋಳ್ದೆ ಮಾತಾಡ್ಬೇಕು, ಆಗುತ್ತಾ?" ಎಂದು ಕೇಳಿದ. ಮೀನಿಗೆ ಈಜು ಬರುತ್ತಾ ಎಂದು ಕೇಳಿದ ಹಾಗಾಯಿತು. ಮಾತಿನಮಲ್ಲಿ ಮೈಕಿನ ಮುಂದೆ ಮೊದಲ ಸಲ ಹೊಟ್ಟೆತುಂಬ ಮಾತಾಡಿದಳು.

ಊರಿನ ಗತಿ ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಬೇಕರಿಯವನು ಮೆಟ್ಟಿಲು ಹತ್ತಿ ಬಂದು, "ನಮ್ಮ ಹುಡುಗರು ಹಾಡಿನ ವೇಗಕ್ಕೆ ಹಿಟ್ಟು ನಾದ್ತಾ ಇದಾರೆ, ಬನ್ನು ಒಳ್ಳೆ ಚೆಂಡಿನ ಥರ ಪುಟಿಯುತ್ತೆ" ಎಂದ. ಹಲ್ಲಿನ ಡಾಕ್ಟರಂತೂ ಕೈಗವಸು ಹಾಕಿಕೊಂಡೇ ಬಂದರು. ಬಾಯಲ್ಲಿ ಡ್ರಿಲ್ ಇಟ್ಟಿರುವಾಗ ರೋಗಿ ಕಾಲಲ್ಲಿ ತಾಳ ಹಾಕಿದರೆ ತಾವು ಯಾವ ಹಲ್ಲನ್ನು ಕೊರೆಯುವುದು ಎಂಬುದು ಅವರ ಪ್ರಶ್ನೆ. ಅವರ ಹಿಂದೆ ಅವರ ಸಹಾಯಕಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮೈದುನ ಡಾಕ್ಟರಿಗೆ ಉತ್ತರ ಕೊಡುವುದು ಬಿಟ್ಟು ಆ ನಗುವನ್ನೇ ನೋಡುತ್ತ ನಿಂತ.

ಮುಂದಿನ ವಾರದಿಂದ ಸ್ಟೇಷನ್ನಿನಲ್ಲಿ ಬರೀ ಪ್ರೇಮಗೀತೆ.

ಕಾರಣ ಕೇಳಿದರೆ ಮೈದುನ, "ಕೇಳುಗರ ಅಭಿರುಚಿ ಬದಲಾಗಿದೆ" ಎನ್ನುತ್ತಿದ್ದ. ಯಾವ ಕೇಳುಗರು ಎಂಬುದು ಮಾತಿನಮಲ್ಲಿಗೆ ಗೊತ್ತಿತ್ತು. ಅವಳು ಈಗ ಜೇನು ಸವರಿದ ದನಿಯಲ್ಲಿ, ನಡುನಡುವೆ ನಿಟ್ಟುಸಿರು ಬಿಟ್ಟು ಮಾತಾಡಬೇಕಿತ್ತು. ಅವಳ ಗಂಡ ಟೌನ್ ಬಸ್ಸಿನ ಡ್ರೈವರು. ಬಸ್ಸಿನಲ್ಲಿ ಹೆಂಡತಿಯ ರೇಡಿಯೋ ಹಾಕಿಕೊಂಡೇ ಓಡಿಸುವವನು. ಹಿಂದಿನ ಸೀಟಿನವರು, "ಡ್ರೈವರಣ್ಣ, ಮನೆಯವರು ಯಾರನ್ನೋ 'ನನ್ನ ಪ್ರೀತಿಯ ನೀವು' ಅಂತಿದಾರಲ್ಲ" ಎಂದು ಕಿಚಾಯಿಸುತ್ತಿದ್ದರು. ಅವನು ಮನೆಗೆ ಬಂದು ಗೊಣಗುವನು: "ಊರಿಗೆಲ್ಲ ಪ್ರೀತಿಯ ನೀವು. ನಾನು ಬಂದ್ರೆ 'ರೀ, ಗ್ಯಾಸ್ ಮುಗಿದಿದೆ'."

"ಗ್ಯಾಸ್ ನಿಜವಾಗ್ಲೂ ಮುಗಿದಿತ್ತಲ್ರೀ."

"ಅದನ್ನೇ ಆ ದನಿಯಲ್ಲಿ ಹೇಳು."

ಅವಳು ನಿಟ್ಟುಸಿರು ಬಿಟ್ಟು, ಕಣ್ಣು ಅರೆ ಮುಚ್ಚಿ, ಗ್ಯಾಸ್ ಮುಗಿದ ಸಮಾಚಾರವನ್ನು ಹೇಳಿದಳು. ಅವನು ಸಿಲಿಂಡರ್ ಹೊತ್ತು ತಂದ.

ಪ್ರೇಮಗೀತೆಗಳು ತಮ್ಮ ಕೆಲಸ ಮಾಡಿದವು. ಡಾಕ್ಟರ ಸಹಾಯಕಿ ಮಾತಿನಮಲ್ಲಿಗೆ ವಾರಗಿತ್ತಿಯಾಗಿ ಬಂದಳು. ಅವಳು ಬಂದದ್ದೇ ಪ್ರೇಮಗೀತೆಗೆ ಕೊನೆಗಾಲ. "ಇಪ್ಪತ್ನಾಲ್ಕು ಗಂಟೆ ಪ್ರೀತಿ ಅಂದ್ರೆ ಯಾರಿಗಾದ್ರೂ ಸುಸ್ತಾಗುತ್ತೆ" ಎಂದಳು, ಮದುವೆಯಾದ ಮೊದಲ ತಿಂಗಳಲ್ಲೇ. ಅವಳಿಗೆ ಎಲ್ಲವೂ ಡಾಕ್ಟರ ಷಾಪಿನ ಇಕ್ಕಳಗಳ ಹಾಗೆ ಸಾಲಾಗಿ, ಶುದ್ಧವಾಗಿ ಇರಬೇಕು. ಒಂದು ಕಂಪ್ಯೂಟರ್ ತರಿಸಿದಳು. ಜನಪ್ರಿಯ ಸಿನಿಮಾ ಹಾಡುಗಳನ್ನಷ್ಟೇ ಆರಿಸಿ ತುಂಬಿದಳು. ಅದು ತಾನೇ ಹಾಡು ಆಯ್ದು, ತಾನೇ ಹಾಕಿ, ತಾನೇ ನಿಲ್ಲಿಸುತ್ತಿತ್ತು. ಒಂದು ತಪ್ಪಿಲ್ಲ, ಒಂದು ಕ್ಷಣದ ಮೌನವಿಲ್ಲ. ಜಾಹೀರಾತೂ ಬಂತು. ಆದರೆ ಮಾವ ಯಂತ್ರಗಳ ಹಿಂದಿನಿಂದ, "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಗೊಣಗುವುದು ಕೇಳಿಸುತ್ತಿತ್ತು. ಕೇಳುಗರ ಫೋನು ಬರುವುದು ನಿಂತಿತು. ಮಾತಿನಮಲ್ಲಿಯ ಪಾಲಿಗೆ ಉಳಿದದ್ದು ಟೈಮು ಹೇಳುವುದು, ಸೋಪಿನ ಜಾಹೀರಾತು ಓದುವುದು. ಗೋಡೆಯ ಗಡಿಯಾರ ಮಾಡುವ ಕೆಲಸವನ್ನು ತಾನು ಮಾಡುತ್ತಿದ್ದೇನೆ ಎಂದು ಅವಳಿಗೆ ಒಳಗೊಳಗೇ ನೋವಾಗುತ್ತಿತ್ತು. ಆದರೂ ವಾರಗಿತ್ತಿಯ ಮೇಲೆ ಮುನಿಸಿರಲಿಲ್ಲ. ಆ ಹುಡುಗಿ ಬಂದ ಮೇಲೆಯೇ ಕೆಳಗಿನ ಬೇಕರಿಯಿಂದ ಮೇಲಿನವರಿಗೆ ಕಾಲಕ್ಕೆ ಸರಿಯಾಗಿ ಚಹಾ ಬರುತ್ತಿದ್ದದ್ದು.

ಹೀಗಿರುವಾಗ ಒಂದು ಶನಿವಾರ ಬಂದ ಫೋನು ಎಲ್ಲವನ್ನೂ ತಲೆಕೆಳಗು ಮಾಡಿತು. ಸಿನಿಮಾ ಹಾಡುಗಳ ಹಕ್ಕು ಇದ್ದ ಕಂಪನಿಗೂ ಸಣ್ಣ ರೇಡಿಯೋಗಳ ಸಂಘಕ್ಕೂ ಜಗಳ ಹತ್ತಿತ್ತು. ಅದು ಇತ್ಯರ್ಥವಾಗುವ ತನಕ, ಸೋಮವಾರದಿಂದ, ಕಂಪನಿಯ ಒಂದೇ ಒಂದು ಹಾಡನ್ನೂ ಹಾಕುವಂತಿಲ್ಲ. ಕಂಪ್ಯೂಟರಿನಲ್ಲಿದ್ದ ಎಲ್ಲಾ ಹಾಡುಗಳೂ ಆ ಕಂಪನಿಯವೇ.

ಭಾನುವಾರ ಮನೆಮಂದಿಯೆಲ್ಲ ಸ್ಟುಡಿಯೋದಲ್ಲಿ ಸೇರಿದರು. ಬೇಕರಿಯವನು ಸಂತಾಪಕ್ಕೆಂಬಂತೆ ಒಂದು ತಟ್ಟೆ ಬನ್ನು ತಂದಿಟ್ಟು ಮೂಲೆಯಲ್ಲಿ ನಿಂತ.

"ಮುಚ್ಚಿಬಿಡೋಣ, ಜಗಳ ಮುಗಿಯೋ ತನಕ" ಎಂದ ಮೈದುನ.

"ನನ್ನ ಕೊಳಲು ಇದೆಯಲ್ಲೋ" ಎಂದರು ಮಾವ, ಆಸೆಯಿಂದ.

"ಆ ಕ್ಯಾಸೆಟ್ಟೂ ಅವರದ್ದೇ ಮಾವ" ಎಂದಳು ವಾರಗಿತ್ತಿ. "ಹಿಂದೆ ನೋಡಿ, ಅವರದ್ದೇ ಮುದ್ರೆ."

ಮಾವ ಕ್ಯಾಸೆಟ್ಟು ತಿರುಗಿಸಿ ನೋಡಿದರು. ಮಾತಿನಮಲ್ಲಿ ಬನ್ನು ಮುರಿಯುತ್ತ, "ಹಾಡು ಅವರದ್ದು, ಸರಿ. ಗಂಟಲು ನಮ್ಮದೇ ತಾನೇ?" ಎಂದಳು.

"ಅಕ್ಕ, ನಾವೇ ಹಾಡಿದ್ರೂ ಸಿನಿಮಾ ಹಾಡು ಹಾಡೋ ಹಾಗಿಲ್ಲ" ಎಂದಳು ವಾರಗಿತ್ತಿ.

"ಸಿನಿಮಾದ್ದು ಯಾಕೆ? ಅತ್ತೆ ನನ್ನ ಮಗಳನ್ನ ಮಲಗಿಸ್ತಾರಲ್ಲ, ಆ ಹಾಡು ಯಾವ ಕಂಪನೀದು? ಬೇಕರಿ ಅಣ್ಣ, ನಿಮ್ಮ ಹುಡುಗರು ಹಿಟ್ಟು ನಾದೋವಾಗ ಏನೋ ಹಾಡ್ತಾರಲ್ಲ, ಅದು ಯಾರದ್ದು?"

"ಅದು... ಹಾಗೇ ಬರೋದು" ಎಂದ ಬೇಕರಿಯವನು. "ಅದಕ್ಕೆ ಯಜಮಾನರಿಲ್ಲ."

"ಯಜಮಾನರಿಲ್ಲದ ಹಾಡು ಹಾಕೋಣ" ಎಂದಳು ಮಾತಿನಮಲ್ಲಿ. ಮೈದುನ ತಲೆ ಚಚ್ಚಿಕೊಂಡ. ವಾರಗಿತ್ತಿ ಮಾತ್ರ ಅವಳ ಮುಖವನ್ನೇ ನೋಡಿ, ಕಂಪ್ಯೂಟರಿನ ಸ್ವಿಚ್ಚು ಆಫ್ ಮಾಡಿದಳು.

ಸೋಮವಾರ ಬೆಳಗ್ಗೆ ಮಾತಿನಮಲ್ಲಿ ಮೈಕಿನ ಮುಂದೆ ಕೂತು, ಆದದ್ದನ್ನು ಆದ ಹಾಗೇ ಊರಿಗೆ ಹೇಳಿದಳು. "ನಮ್ಮ ಹತ್ರ ಹಾಡಿಲ್ಲ. ನಿಮ್ಮ ಹತ್ರ ಇದ್ರೆ ಬನ್ನಿ. ಸಿನಿಮಾದ್ದು ಬೇಡ, ಮನೇದು ತನ್ನಿ. ರಾಗ ತಪ್ಪಿದ್ರೆ ಪರವಾಗಿಲ್ಲ, ನಾನೂ ತಪ್ಪಾಗೇ ಕೇಳ್ತೀನಿ." ಆಮೇಲೆ ಕಾದಳು. ಕಾಯುತ್ತ ಮಾತಾಡಿದಳು. ಮಾತಾಡುತ್ತ ಕಾದಳು. ಬೇಕರಿಯ ಹುಡುಗರು ನಾಚಿಕೊಂಡು ಬಂದು ನಾದುವ ಹಾಡು ಹಾಡಿ ಓಡಿಹೋದರು. ಮತ್ತೆ ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಗಂಟಲೂ ಧೈರ್ಯವೂ ಒಣಗಿದ್ದವು.

ಆಗ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಗಾರೆ ಮೇಸ್ತ್ರಿ ಬಂದಿದ್ದ. ಮೈಯೆಲ್ಲ ಸಿಮೆಂಟು. ಹಿಂದೆ ಅವನ ಜೊತೆ ಕೆಲಸ ಮಾಡುವ ಹೆಂಗಸರು. "ತಾರಸಿಗೆ ಮೋಲ್ಡ್ ಹಾಕೋವಾಗ ಕಾಂಕ್ರೀಟು ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಕೊಡೋಕೆ ಒಂದು ಹಾಡಿದೆ. ಬಾಂಡ್ಲಿ ಇಲ್ದೆ ಹಾಡೋಕೆ ಬರಲ್ಲ" ಎಂದ. ಮಾವ ಬೇಕರಿಯಿಂದ ಖಾಲಿ ಟ್ರೇ ತರಿಸಿದರು. ಹೆಂಗಸರು ಸ್ಟುಡಿಯೋದಲ್ಲಿ ಸಾಲಾಗಿ ನಿಂತು ಟ್ರೇ ಸಾಗಿಸುತ್ತ ಹಾಡಿದರು. ಮೇಸ್ತ್ರಿ ಒಂದು ಸಾಲು ಹೇಳಿದರೆ ಅವರು ಅದಕ್ಕೆ ತಕ್ಕ ಎದುರುತ್ತರ ಕೊಡುತ್ತಿದ್ದರು, ಬಹುಪಾಲು ಮೇಸ್ತ್ರಿಯ ಜುಗ್ಗತನದ ಮೇಲೆ. ಹಾಡು ಮುಗಿಯುವ ಮೊದಲೇ ಫೋನು ರಿಂಗಾಯಿತು. ಬಹಳ ದಿನಗಳ ಮೇಲೆ ಕೇಳುಗರಿಂದ ಬಂದ ಫೋನನ್ನು ಮೈದುನ ಹೆದರಿದವನಂತೆ ಎತ್ತಿದ. "ಇನ್ನೊಂದ್ಸಲ ಹಾಡ್ಸಿ ಅಂತಿದಾರೆ" ಎಂದ.

ಅಲ್ಲಿಂದ ಮುಂದೆ ತಡೆಯೇ ಇಲ್ಲ. ದರ್ಜಿ ಮೆಷಿನ್ನಿನ ತಾಳಕ್ಕೆ ಕಟ್ಟಿದ ಪದ ಹಾಡಿದ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆಯನ್ನೇ ಬಿಚ್ಚಿ ತಂದ. ಹಲ್ಲಿನ ಡಾಕ್ಟರು ಜೇಬಿನಿಂದ ಮೌತ್ ಆರ್ಗನ್ ತೆಗೆದು, ತಮ್ಮದೇ ರಾಗವೊಂದನ್ನು ಕಣ್ಣು ಮುಚ್ಚಿ ನುಡಿಸಿದಾಗ, ಇಷ್ಟು ವರ್ಷ ಊರವರ ಬಾಯಿ ನೋಡಿದ ಮನುಷ್ಯನ ಬಾಯಲ್ಲಿ ಇಂಥದ್ದಿತ್ತೇ ಎಂದು ಎಲ್ಲರೂ ಬೆರಗಾದರು. ಮೆಟ್ಟಿಲ ಮೇಲೆ ಸಾಲು ನಿಂತಿತು. ಬೇಕರಿಯವನಿಗೆ ಬನ್ನು ಬೇಯಿಸಿ ಪೂರೈಸಲಾಗಲಿಲ್ಲ.

ಮುಂದಿನ ವಾರ ಮಾತಿನಮಲ್ಲಿ ಅತ್ತೆಯ ಬೆನ್ನು ಬಿದ್ದಳು. "ಜೋಗುಳ ಹಾಡಿ ಅತ್ತೆ." "ನನಗೆ ನಾಚಿಕೆ." "ಕಣ್ಣು ಮುಚ್ಕೊಂಡು ಹಾಡಿ, ಮಗಳನ್ನ ನಿಮ್ಮ ತೊಡೆ ಮೇಲೆ ಮಲಗಿಸ್ತೀನಿ." ಕೊನೆಗೆ ಅತ್ತೆ ಒಪ್ಪಿದರು. ಮಧ್ಯಾಹ್ನದ ಹೊತ್ತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮೈಕನ್ನು ನೋಡದೆ ಮಗುವನ್ನೇ ನೋಡುತ್ತ ಹಾಡಿದರು.

ಊರು ಮಲಗಿತು, ಬೀದಿ ಮಲಗಿತು,
ಮೂಲೆಯ ದೀಪ ಮಂಕಾಗಿ ಮಲಗಿತು,
ಗೋಡೆಯ ಮೇಲಿನ ಬೆಕ್ಕು ಮಲಗಿತು,
ನಿನಗೇನು ಕಾವಲು ಕೆಲಸವೆ ಕಂದ?

ಎರಡನೇ ಸಲಕ್ಕೆ ಬರುವಷ್ಟರಲ್ಲಿ ಫೋನು ರಿಂಗಾಯಿತು. ಮಾತಿನಮಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಎತ್ತಿದಳು.

"ಅಲ್ಲಿ ಹಾಡ್ತಿರೋವ್ರಿಗೆ ಹೇಳು. ಅದು ಬೆಕ್ಕಲ್ಲ, ಹಕ್ಕಿ."

ದೊಡ್ಡತ್ತೆಯ ದನಿ. ಅತ್ತೆಯ ಮುಖ ಕೆಂಪಾಯಿತು. ಮಾತಿನಮಲ್ಲಿಗೆ ಫೋನು ಇಡಬೇಕೋ ಹಿಡಿಯಬೇಕೋ ತಿಳಿಯದೆ, ಹುಟ್ಟಿದಾರಭ್ಯ ಮೊದಲ ಸಲ ಮಾತು ನಿಂತುಹೋಯಿತು.

"ಫೋನ್ ಮಾಡಿರೋವ್ರಿಗೆ ಹೇಳು" ಎಂದರು ಅತ್ತೆ, ಸೊಸೆಯತ್ತ ತಿರುಗಿ. "ನಮ್ಮಮ್ಮ ನನಗೆ ಬೆಕ್ಕು ಅಂತ್ಲೇ ಹಾಡಿದ್ದು."

"ಬೆಕ್ಕು ರಾತ್ರಿ ಮಲಗುತ್ತಾ ಅಂತ ಕೇಳು. ರಾತ್ರಿಯಾದ್ರೆ ಅದಕ್ಕೆ ಬೆಳಗಾಗೋದು. ಒಂದು ಬುದ್ಧಿ ಬೇಡ್ವಾ?"

"ರೇಡಿಯೋ ಕೇಳಿ ಆಕಳಿಸೋ ಬೆಕ್ಕು ಅವರ ಮನೇಲೇ ಇತ್ತಲ್ಲ. ಅದು ಮಲಗ್ತಿರ್ಲಿಲ್ವಂತಾ?"

ಆ ಕಡೆಯಿಂದ ಒಂದು ವಿಚಿತ್ರ ಶಬ್ದ ಬಂತು. ದೊಡ್ಡತ್ತೆ ನಗುವನ್ನು ತಡೆಯಲು ಹೋಗಿ ಕೆಮ್ಮಿದ್ದರು. ಫೋನು ಕಟ್ಟಾಯಿತು.

ಊರಿಗೆ ಊರೇ ಕಿವಿಯಾಗಿತ್ತು. ಟೌನ್ ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತಿದ್ದರೂ ಯಾರೂ ಇಳಿಯುತ್ತಿರಲಿಲ್ಲ. ಡ್ರೈವರೂ ಇಳಿಯಿರಿ ಎನ್ನಲಿಲ್ಲ. ಅರ್ಧ ಬಸ್ಸು ಬೆಕ್ಕಿನ ಕಡೆ, ಅರ್ಧ ಬಸ್ಸು ಹಕ್ಕಿಯ ಕಡೆ ಆಗಿತ್ತು. ಸ್ಟುಡಿಯೋದಲ್ಲಿ ಮಾತಿನಮಲ್ಲಿ ಏನೋ ಹೇಳಿ ಹೊತ್ತು ಕಳೆಯುತ್ತಿರುವಾಗಲೇ ಬಾಗಿಲು ತೆರೆಯಿತು. ದೊಡ್ಡತ್ತೆ ಏದುಸಿರು ಬಿಡುತ್ತ ನಿಂತಿದ್ದರು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಗಂಡನ ಚಪ್ಪಲಿ.

ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ತಂಗಿಯ ಪಕ್ಕ ಕೂತರು. ತಂಗಿಯನ್ನು ನೋಡದೆ, ಮಗುವಿನ ಕಾಲು ತಟ್ಟುತ್ತ ಹಾಡಿದರು. ಅದೇ ರಾಗ, ಅದೇ ದನಿ ಎನ್ನಬಹುದು, ಸ್ವಲ್ಪ ಗೊಗ್ಗರು ಅಷ್ಟೇ. ಗೋಡೆಯ ಮೇಲಿನ ಹಕ್ಕಿ ಮಲಗಿತು ಎಂದವರು ಅಲ್ಲೇ ನಿಂತುಬಿಟ್ಟರು. ಏನೋ ನೆನಪಾದಂತೆ ತಂಗಿಯ ಕಡೆ ತಿರುಗಿದರು. ಎಷ್ಟೋ ವರ್ಷಗಳ ಮೇಲೆ ನೇರವಾಗಿ ಮುಖ ನೋಡಿದರು.

"ಲೇ ಪುಟ್ಟಿ. ನೀನು ಹಕ್ಕಿ ಅಂದ್ರೆ ಹೆದರ್ತಿದ್ದೆ ಕಣೇ."

"ನಾನಾ?"

"ನೀನೇ. ಒಂದ್ಸಲ ಕಿಟಕೀಲಿ ಗೂಬೆ ಕೂಗಿತ್ತು. ಅವತ್ತಿಂದ ಹಕ್ಕಿ ಅಂದ್ರೆ ಸಾಕು, ಮನೆ ಹಾರಿಹೋಗೋ ಹಾಗೆ ಅಳ್ತಿದ್ದೆ. ಅಮ್ಮ ನಿನಗೆ ಅಂತ ಬೆಕ್ಕು ಮಾಡಿದ್ಲು. ನಾನು ಪಕ್ಕದಲ್ಲೇ ಮಲಗಿ ಕೇಳಿಸ್ಕೊಂಡಿದೀನಿ. ನೋಡು, ಮರ್ತೇ ಹೋಗಿತ್ತು."

ತಾಯಿ ತನಗೋಸ್ಕರ ಒಂದು ಪದ ಬದಲಿಸಿದ್ದಳೆಂಬುದು ಅತ್ತೆಗೆ ಇಷ್ಟು ವಯಸ್ಸಾದ ಮೇಲೆ ಗೊತ್ತಾಗಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅಕ್ಕ, ಊಟ ಮಾಡಿದ್ಯಾ?" ಎಂದರು. ಊರೆಲ್ಲ ಕೇಳುತ್ತಿದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಆಮೇಲೆ ಇಬ್ಬರೂ ಒಟ್ಟಿಗೆ ಹಾಡಿದರು. ಮೂರನೇ ಸಾಲಿಗೆ ಬಂದಾಗ ಒಬ್ಬರು ಬೆಕ್ಕು ಎಂದರು, ಇನ್ನೊಬ್ಬರು ಹಕ್ಕಿ ಎಂದರು. ಯಾರೂ ಬಿಟ್ಟುಕೊಡಲಿಲ್ಲ. ಮಗು ಮಾತ್ರ ಯಾವ ಪಕ್ಷಕ್ಕೂ ಸೇರದೆ ನಿದ್ದೆ ಹೋಗಿತ್ತು. ಮೈದುನ ಫೋನಿನ ಹತ್ತಿರ ಕೂತು ಎರಡೂ ಕಡೆಯವರ ಕರೆಗಳಿಗೆ ಉತ್ತರ ಹೇಳಿ ಹೇಳಿ ಬೆವರಿದ.

ಕಂಪನಿಯ ಜಗಳ ಮಳೆಗಾಲ ಮುಗಿಯುವ ಹೊತ್ತಿಗೆ ಬಗೆಹರಿಯಿತು. ಇನ್ನು ಹಾಡು ಹಾಕಬಹುದು ಎಂದು ಫೋನು ಬಂತು. ವಾರಗಿತ್ತಿ ಕಂಪ್ಯೂಟರಿನ ಧೂಳು ಒರೆಸಿ ಮೊದಲ ಸಿನಿಮಾ ಹಾಡು ಹಾಕಿದಳು. ಅರ್ಧ ಹಾಡಿಗೇ ಒಬ್ಬ ಕೇಳುಗ ಫೋನು ಮಾಡಿ, "ಗಾರೆ ಮೇಸ್ತ್ರಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದ. ಇನ್ನೊಬ್ಬಳು, ಅಕ್ಕತಂಗಿ ಮತ್ತೆ ಜಗಳವಾಡಿದರೇ ಎಂದು ಕಳವಳದಿಂದ ಕೇಳಿದಳು. ವಾರಗಿತ್ತಿ ಹೆಡ್‌ಫೋನು ಕಿವಿಯಿಂದ ತೆಗೆದು, "ಅಕ್ಕ, ಬೆಳಗ್ಗೆ ರಾತ್ರಿ ಕಂಪ್ಯೂಟರ್ ಇರ್ಲಿ. ಮಧ್ಯಾಹ್ನದಿಂದ ಸಂಜೆ ತನಕ ನಿಮ್ಮ ಜನ ಹಾಡ್ಲಿ. ವಾರಕ್ಕೊಂದಿನ ಮಾವನ ಕೊಳಲು" ಎಂದಳು. ಮಾವ ಅಂದೇ ಕ್ಯಾಸೆಟ್ಟುಗಳನ್ನು ಹತ್ತಿ ಬಟ್ಟೆಯಿಂದ ಒರೆಸತೊಡಗಿದರು.

ಈಗ ಎದುರುಬದುರಿನ ಕಿಟಕಿಗಳು ತೆರೆದೇ ಇರುತ್ತವೆ. ಅಕ್ಕತಂಗಿಯರು ವಾರಕ್ಕೆರಡು ದಿನ ಸ್ಟುಡಿಯೋಗೆ ಬಂದು, ಅರ್ಧ ಹೊತ್ತು ಹಾಡಿ ಇನ್ನರ್ಧ ಹೊತ್ತು ಆ ಹಾಡಿನ ಬಗ್ಗೆ ವಾದ ಮಾಡುತ್ತಾರೆ. ವಾದವನ್ನೇ ಕೇಳಲು ಕಾಯುವವರು ಹೆಚ್ಚು ಎಂದು ಡ್ರೈವರಣ್ಣನ ಅಂದಾಜು. ಮಾತಿನಮಲ್ಲಿಗೆ ಅವರಿಬ್ಬರ ನಡುವೆ ಬಾಯಿ ಹಾಕಲು ಸಂದು ಸಿಗುವುದಿಲ್ಲ. ಅದರ ಬಗ್ಗೆ ಅವಳಿಗೆ ದೂರೂ ಇಲ್ಲ.

ಮೊನ್ನೆ ಮಧ್ಯಾಹ್ನ ಮೆಟ್ಟಿಲಿನ ಸಾಲಿನಲ್ಲಿ ಕಟ್ಟಕಡೆಗೆ ನಲ್ಲಿ ರಿಪೇರಿಯವನೊಬ್ಬ ನಿಂತಿದ್ದ. ಕೈಯಲ್ಲಿ ಉದ್ದ ಗಿಡ್ಡ ಪೈಪುಗಳ ಒಂದು ಕಟ್ಟು. ಸರದಿ ಬಂದಾಗ ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತ.

"ಕೆಲಸ ಇಲ್ದಾಗ ಊದ್ತಾ ಇರ್ತೀನಿ ಅಕ್ಕ. ಹೆಂಡತಿ ಇದು ಸಂಗೀತ ಅಲ್ಲ ಅಂತಾಳೆ."

"ನೀವೇನಂತೀರಾ?"

"ನನಗೂ ಸ್ವಲ್ಪ ಅನುಮಾನ ಇದೆ."

"ಊದಿ ನೋಡೋಣ ಬನ್ನಿ" ಎಂದಳು ಮಾತಿನಮಲ್ಲಿ.

ಅವನು ಎಲ್ಲಕ್ಕಿಂತ ಉದ್ದದ ಪೈಪನ್ನು ತುಟಿಗೆ ಇಟ್ಟು, ಕೆನ್ನೆ ಉಬ್ಬಿಸಿ ಊದಿದ. ಮೊದಲು ಬರೀ ಗಾಳಿ ಬಂತು. ಆಮೇಲೆ ದೂರದ ಹಡಗೊಂದು ಕೂಗಿದಂಥ ಒಂದು ದನಿ, ಆಳವಾಗಿ, ಮೆತ್ತಗೆ, ಕೋಣೆಯ ತುಂಬ ಹರಡಿತು. ಯಂತ್ರಗಳ ಹಿಂದಿದ್ದ ಮಾವ ಕನ್ನಡಕ ಮೇಲೇರಿಸಿ ತಲೆಯೆತ್ತಿದರು. ಎದ್ದು ಬಂದು ಮೈಕನ್ನು ಅವನ ಕಡೆಗೆ ಇನ್ನಷ್ಟು ಸರಿಸಿದರು.